ವಾರಕ್ಕೊಂದು ಗುಳಿಗೆ

ರಾಮದುರ್ಗ
18 ಆಗಸ್ಟ್ 2024

ಬೈಲಹೊಂಗಲದ ಭಾಗೀರಥಿ ಅಕ್ಕನವರಿಗೆ ಭಾಗ್ಯಾ ಮಾಡುವ ನಮಸ್ಕಾರಗಳು.

ಮೊದಲಿಗೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒತ್ತಕ್ಷರ ಬಂದಲ್ಲೆಲ್ಲ ಕೈ ತಡೆಯುತ್ತದೆ. ಐದನೆಯ ಇಯತ್ತೆ ಮುಗಿದ ಮೇಲೆ ಶಾಲೆ ಬಿಟ್ಟವಳು ನಾನು. ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು ನೋಡಿ ಓದುವುದನ್ನು ಉಳಿಸಿಕೊಂಡಿದ್ದೇನೆ. ಬರೆಯುವುದು ಹಿಂದೆ ಬಿದ್ದಿದೆ. ತಪ್ಪಿದ್ದಲ್ಲಿ ನೀವೇ ತಿದ್ದಿಕೊಂಡು ಓದಿರಿ.

ನಿಮ್ಮ ಫೋನ್ ನಂಬರು ಇದೆ. ಆದರೆ ಫೋನು ಕಿವಿಗೆ ಹಿಡಿದರೆ ನನಗೆ ಮಾತು ಹೊರಡುವುದಿಲ್ಲ, ನಿಮಗೆ ಗೊತ್ತೇ ಇದೆ. ಇನ್ನೊಂದು, ನಮ್ಮದು ಒಂದೇ ಖೋಲಿಯ ಮನೆ. ಅಪ್ಪ ದಿನವಿಡೀ ಅಲ್ಲೇ ಮಲಗಿರುತ್ತಾನೆ, ಫೋನೂ ಅವನದೇ. ಅದಕ್ಕೆ ಬರೆಯುತ್ತಿದ್ದೇನೆ. ನೀವು ಬರೆಯುವುದಾದರೆ ಶಟ್ಟೆವ್ವನ ರೊಟ್ಟಿ ಕೇಂದ್ರದ ವಿಳಾಸಕ್ಕೆ ಬರೆಯಿರಿ. ನಾನು ರೊಟ್ಟಿ ಬಡಿಯುವುದು ಅಲ್ಲೇ.

ಬೆಳಗಾವಿಯ ದವಾಖಾನೆಯಿಂದ ಬಂದ ಮೇಲೆ ಅಪ್ಪ ಸ್ವಲ್ಪ ಸುಧಾರಿಸಿದ್ದಾನೆ. ಗಂಜಿ ಇಳಿಯುತ್ತದೆ. ಕೀವು ಬಸಿಯಲು ಹೊಟ್ಟೆಗೆ ಹಾಕಿದ್ದ ನಳಿಕೆ ತೆಗೆದ ಗಾಯ ಒಣಗಿದೆ. ಬಿಡುಗಡೆ ಮಾಡುವಾಗ ಡಾಕ್ಟರಮ್ಮ ನನ್ನನ್ನು ಕರೆದು ಹೇಳಿದ್ದನ್ನು ನಿಮಗೆ ಹೇಳಬೇಕು. ನೀವು ಆಗ ಕೆಳಗೆ ಔಷಧಿ ತರಲು ಹೋಗಿದ್ದಿರಿ. ಪಿತ್ತದ ಹರಳು ಸಿಕ್ಕಿಕೊಂಡು ಹೊಟ್ಟೆಯ ಹಿಂದಿನ ಗ್ರಂಥಿ ಬಾತಿತ್ತಂತೆ. ಅದರ ಒಂದು ಭಾಗ ಸತ್ತುಹೋಗಿ ಅಲ್ಲಿ ಕೀವು ನಿಂತಿತ್ತಂತೆ. ಆ ಕೀವನ್ನು ಲ್ಯಾಬಿಗೆ ಕಳಿಸಿದಾಗ ಅದರಲ್ಲಿ ಬೂಷ್ಟು ಬೆಳೆಯಿತಂತೆ. ರೊಟ್ಟಿಗೆ ಹಿಡಿಯುವಂಥ ಬೂಷ್ಟು, ಮನುಷ್ಯನ ಹೊಟ್ಟೆಯೊಳಗೆ. "ದಿನಾ ಎರಡು ಗುಳಿಗಿ, ಒಮ್ಮಿಗೇ. ನಾ ಬಂದ್ ಮಾಡು ಅನ್ನೂತನಕ ಬಂದ್ ಮಾಡಬಾರದು. ತಿಳೀತಿಲ್ಲ?" ಎಂದರು. ನಾನು ತಲೆ ಆಡಿಸಿದೆ. ಒಳಗೆ ಹೇಗೆ ಹೋಯಿತು, ಎಲ್ಲಿಂದ ಬಂತು ಎಂದು ಕೇಳಬೇಕಾಗಿತ್ತು. ನಾಲಿಗೆ ತುದಿಗೆ ಬಂದದ್ದು ಅಲ್ಲೇ ಉಳಿಯಿತು. ನೀವು ಜೊತೆಗಿದ್ದಿದ್ದರೆ ಕೇಳುತ್ತಿದ್ದಿರಿ.

ನಿಮ್ಮ ಯಜಮಾನರು ಬಸಲಿಂಗಪ್ಪ ಅಣ್ಣನವರು ಹೇಗಿದ್ದಾರೆ? ಅವರಿಗೆ ಬಿಡುಗಡೆ ಆಯಿತೇ? ವಾರ್ಡಿನ ಹೊರಗಿನ ಪಡಸಾಲೆಯಲ್ಲಿ ನೀವು ನಿಮ್ಮ ಚಾಪೆಯ ಅರ್ಧ ನನಗೆ ಬಿಟ್ಟುಕೊಟ್ಟದ್ದು ನೆನಪಾಗುತ್ತದೆ. ನಿಮ್ಮ ಅತ್ತೆಯವರಿಗೂ ನಮಸ್ಕಾರ ತಿಳಿಸಿರಿ.

ನಿಮ್ಮ ತಂಗಿ,
ಭಾಗ್ಯಾ


ಬೈಲಹೊಂಗಲ
27 ಆಗಸ್ಟ್ 2024

ತಂಗಿ ಭಾಗ್ಯಾಗೆ ಶರಣು.

ನಿನ್ನ ಅಕ್ಷರಕ್ಕೆ ಏನಾಗಿದೆ? ನಾನು ಹನ್ನೆರಡನೆಯವರೆಗೆ ಓದಿದವಳು, ನನ್ನದು ಇದಕ್ಕಿಂತ ಕೆಟ್ಟದು. ನೀನು ಇಷ್ಟೊಂದು ಮಾತಾಡುತ್ತೀ ಎಂದು ಪತ್ರ ನೋಡಿದ ಮೇಲೇ ಗೊತ್ತಾಯಿತು. ಪಡಸಾಲೆಯಲ್ಲಿ ಅಷ್ಟು ದಿನ ಜೊತೆಗಿದ್ದರೂ "ಹೂಂ ರೀ" "ಇಲ್ಲ ರೀ" ಬಿಟ್ಟು ಏನು ಕೇಳಿದ್ದೆ ನಿನ್ನ ಬಾಯಿಂದ? ಒಂದು ಸಲ ಮಾತ್ರ ಮಾತಾಡಿದ್ದೆ. ಸಣ್ಣ ಡಾಕ್ಟರು ಬಂದು ನಿಮ್ಮಪ್ಪನಿಗೆ "ದಿನಾ ಎಷ್ಟು ಕುಡೀತಿ?" ಎಂದು ಕೇಳಿದಾಗ "ನಮ್ಮಪ್ಪ ಕುಡಿಯಾಂಗಿಲ್ರೀ" ಎಂದೆಯಲ್ಲ, ಇಡೀ ವಾರ್ಡು ತಿರುಗಿ ನೋಡಿತು. ಕುಡಿಯುವ ನಮ್ಮನೆಯವರು ಪಕ್ಕದ ಮಂಚದಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನೇ ಹೇಳಬೇಕಾಯಿತು.

ನಮ್ಮನ್ನೂ ಬಿಟ್ಟಿದ್ದಾರೆ, ಆದರೆ ನಳಿಕೆ ಹಾಗೇ ಇದೆ. ಬೂಷ್ಟಿನ ಔಷಧಿಯೂ ಮುಗಿದಿಲ್ಲ. ಇವರದು ಇಂಜೆಕ್ಷನ್ನು, ದಿನಾ ಇಲ್ಲಿಯ ದವಾಖಾನೆಗೆ ಕರೆದುಕೊಂಡು ಹೋಗಿ ಹಾಕಿಸುತ್ತೇನೆ. ಹೋಗುವ ದಾರಿಯಲ್ಲಿ ಮಿರ್ಚಿ ಗಾಡಿ ಕಂಡರೆ ಆಟೊದವನಿಗೆ "ಮೆಲ್ಲಕ ಹೊಡಿಯೋ, ವಾಸನಿನರ ತಗೊಳ್ಳೂಣು" ಎನ್ನುತ್ತಾರೆ. ಮಾತು ಇಷ್ಟಿದೆ, ಮೈಯಲ್ಲಿ ಮಾತ್ರ ಏನೂ ಉಳಿದಿಲ್ಲ.

ಅತ್ತೆ ನಿನ್ನ ಕಡಕ್ ರೊಟ್ಟಿಯನ್ನು ಇನ್ನೂ ನೆನೆಸುತ್ತಾರೆ. ದಸರೆಯ ಬನ್ನಿ ಹಬ್ಬಕ್ಕೆ ಅಪ್ಪನನ್ನು ಕರೆದುಕೊಂಡು ನಮ್ಮ ಮನೆಗೆ ಬಂದುಬಿಡು. ಅಷ್ಟು ದೂರ ಆಗದಿದ್ದರೆ ಸವದತ್ತಿ ಬಸ್‌ಸ್ಟ್ಯಾಂಡಿಗಾದರೂ ಬಾ. ಇಬ್ಬರಿಗೂ ನಡುವೆ ಆಗುತ್ತದೆ, ಒಂದು ಗಂಟೆ ಕೂತು ಮಾತಾಡೋಣ. ಬರುತ್ತೀಯೋ ಇಲ್ಲವೋ ಬರೆ.

ನಿನ್ನ ಅಕ್ಕ,
ಭಾಗೀರಥಿ


ರಾಮದುರ್ಗ
15 ಸೆಪ್ಟೆಂಬರ್ 2024

ಭಾಗೀರಥಿ ಅಕ್ಕನವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ರೊಟ್ಟಿ ಹಂಚಿನ ಪಕ್ಕದಲ್ಲೇ ನಿಂತು ಓದಿದೆ. ಒಂದು ರೊಟ್ಟಿ ಸುಟ್ಟಿತು, ಶಟ್ಟೆವ್ವ ಬೈದಳು. ಶಟ್ಟೆವ್ವ ನಮ್ಮ ಓಣಿಯವಳೇ. ಅವಳ ರೊಟ್ಟಿ ಹುಬ್ಬಳ್ಳಿಯ ಅಂಗಡಿಗಳಿಗೆ ಪಾಕೀಟಿನಲ್ಲಿ ಹೋಗುತ್ತದೆ.

ಇಲ್ಲಿ ಒಂದು ಸಂಗತಿ ಆಗಿದೆ. ಯಾರಿಗೆ ಹೇಳಲಿ ಎಂದು ತಿಳಿಯದೆ ನಿಮಗೆ ಬರೆಯುತ್ತಿದ್ದೇನೆ.

ಬೆಳಗಾವಿಯಿಂದ ತಂದ ಗುಳಿಗೆ ಮುಗಿದಾಗ, ಖಾಲಿ ಪಾಕೀಟು ಹಿಡಿದು ನಾನೂ ಅಪ್ಪನೂ ಇಲ್ಲಿಯ ಔಷಧಿ ಅಂಗಡಿಗೆ ಹೋದೆವು. ಅಂಗಡಿಯವರು ಅದನ್ನು ನೋಡಿ, ಇದು ಗಜಕರ್ಣಕ್ಕೆ ಕೊಡುವ ಗುಳಿಗೆ, ವಾರಕ್ಕೆ ಒಂದು ಸಾಕು, ದಿನಾ ಯಾರೂ ತಿನ್ನುವುದಿಲ್ಲ ಎಂದರು. ಕೇಳಿದಷ್ಟು ಗುಳಿಗೆ ಕೊಟ್ಟರು ನಿಜ. ಡಾಕ್ಟರಮ್ಮನ ಚೀಟಿ ನನ್ನ ಚೀಲದಲ್ಲೇ ಇತ್ತು. ತೆಗೆದು ತೋರಿಸಲು ಕೈ ಬರಲಿಲ್ಲ, ಅಷ್ಟು ಜನ ನಿಂತಿದ್ದರು.

ದಿನಾ ಹೊತ್ತಿಗೆ ಸರಿಯಾಗಿ ನೀರು ಕೊಡುತ್ತಿದ್ದೆ. ಅಪ್ಪ "ಇಟ್ಟ ಹೋಗು, ತಗೋತೇನಿ" ಎನ್ನುತ್ತಿದ್ದ. ನಾನು ಕೆಲಸಕ್ಕೆ ಹೋಗುತ್ತಿದ್ದೆ. ಮೊನ್ನೆ ಹಾಸಿಗೆ ಬಿಸಿಲಿಗೆ ಹಾಕುವಾಗ ತಲೆದಿಂಬಿನ ಕೆಳಗೆ ಗುಳಿಗೆ ಸಿಕ್ಕವು, ಒಂದು ಹಿಡಿಯಷ್ಟು. ಅಪ್ಪ ವಾರಕ್ಕೆ ಒಂದನ್ನೇ ನುಂಗುತ್ತಿದ್ದಾನೆ. ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ. ಬೆನ್ನಿನ ಕಡೆ ನೋವು ಮತ್ತೆ ಶುರುವಾಗಿದೆ ಎಂದು ಅವನು ಹೇಳುವುದಿಲ್ಲ, ಮಗ್ಗಲು ಬದಲಿಸುವಾಗ ಗೊತ್ತಾಗುತ್ತದೆ.

ನಮ್ಮ ರೊಟ್ಟಿ ಕೆಲಸದಲ್ಲಿ ಒಂದು ರೂಢಿ ಇದೆ. ಮಳೆಗಾಲದಲ್ಲಿ ಒಂದರ ಮೇಲೊಂದು ಒಟ್ಟಿದ ರೊಟ್ಟಿಗಳಲ್ಲಿ ಮೇಲಿನದು ಚೊಕ್ಕ ಕಂಡರೂ ನಡುವೆ ಕೈ ಹಾಕಿ ಒಂದನ್ನು ಎಳೆದು ನೋಡುತ್ತೇವೆ. ಬೂಷ್ಟು ಹಿಡಿಯುವುದು ನಡುವಿನದಕ್ಕೇ. ಅಪ್ಪನ ಗಾಯ ಮೇಲೆ ಒಣಗಿರುವುದನ್ನು ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. ಅಲ್ಲಿ ಕೈ ಹಾಕಿ ನೋಡುವ ಹಾಗಿಲ್ಲ.

ಏನು ಮಾಡಲಿ ಅಕ್ಕಾ?

ಭಾಗ್ಯಾ


ಬೈಲಹೊಂಗಲ
22 ಸೆಪ್ಟೆಂಬರ್ 2024

ಭಾಗ್ಯಾ,

ಪತ್ರ ಮುಟ್ಟಿದ ತಕ್ಷಣ ಬರೆಯುತ್ತಿದ್ದೇನೆ. ಇವರಿಗೂ ಚಳಿಜ್ವರ ಬಂದಿದೆ, ನಾಳೆ ಮತ್ತೆ ಬೆಳಗಾವಿಗೆ ಹೋಗುತ್ತೇವೆ. ಅದಕ್ಕೆ ಚಿಕ್ಕದಾಗಿ.

ಡಾಕ್ಟರು ದಿನಾ ಎಂದರೆ ದಿನಾ. ಗಜಕರ್ಣಕ್ಕೆ ವಾರಕ್ಕೆ ಒಂದು ಇರಬಹುದು. ಇದು ಗಜಕರ್ಣ ಅಲ್ಲವಲ್ಲ. ಸಂಜೆಯ ಜ್ವರವನ್ನು ಹಗುರಾಗಿ ತಿಳಿಯಬೇಡ, ಇಲ್ಲೂ ಹಾಗೇ ಶುರುವಾದದ್ದು.

ಆದರೆ ಒಂದು ನನಗೆ ಹೊಂದುತ್ತಿಲ್ಲ. ಹೊಟ್ಟೆಗೆ ಸೂಜಿ ಚುಚ್ಚಿ ಕೀವು ತೆಗೆಯುವಾಗ ತುಟಿ ಪಿಟಕ್ಕೆನ್ನದ ಮನುಷ್ಯ ನಿಮ್ಮಪ್ಪ. ಡಾಕ್ಟರು ಹೇಳಿದ್ದನ್ನೆಲ್ಲ ಪಾಲಿಸಿದವರು. ಅಂಗಡಿಯವನ ಒಂದು ಮಾತಿಗೆ ಹೇಗೆ ಬಗ್ಗಿದರು? ನೀನು ಏನೋ ಬಿಟ್ಟು ಬರೆದಿದ್ದೀಯ. ಅವರನ್ನು ಕೇಳು. ಕಾರಣ ಗೊತ್ತಿಲ್ಲದೆ ನಾನಾದರೂ ಏನು ಹೇಳಲಿ?

ಇನ್ನೊಂದು. ಮನೆಗೆ ಬಾ ಎಂದು ಕರೆದಿದ್ದೆ. ಬರುತ್ತೇನೆ ಎಂದೂ ಬರೆಯಲಿಲ್ಲ, ಇಲ್ಲ ಎಂದೂ ಬರೆಯಲಿಲ್ಲ.

ಭಾಗೀರಥಿ


ರಾಮದುರ್ಗ
1 ಅಕ್ಟೋಬರ್ 2024

ಅಕ್ಕನವರಿಗೆ,

ನೀವು ಹೇಳಿದ್ದು ನಿಜ, ಬಿಟ್ಟು ಬರೆದಿದ್ದೆ. ಈಗ ಎಲ್ಲ ಬರೆಯುತ್ತೇನೆ. ಇದನ್ನು ಓದಿದ ಮೇಲೆ ಮನೆಗೆ ಕರೆಯುವುದು ಬಿಡುವುದು ನಿಮಗೆ ಸೇರಿದ್ದು.

ಆ ದಿನ ಅಂಗಡಿಯವರು ಪಾಕೀಟನ್ನು ತಿರುಗಿಸಿ ಮುರುಗಿಸಿ ನೋಡಿ, "ಏನ್ ನೀಲಪ್ಪಾ, ಗಜಕರ್ಣ ಹತ್ತೇತೇನು? ವಾರಕ್ಕ ಒಂದ್ ಸಾಕು. ಅದರಕಿಂತಾ ಮದಲ ಮೈ ಚಂದಂಗ ತೊಳಕೋ" ಎಂದರು. ನಿಂತವರು ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕರು ಎನ್ನಲಾರೆ, ಹಾಗೇ ನಕ್ಕರು. ಅಪ್ಪ "ಹೂಂ ರೀ" ಎಂದ. ಅಷ್ಟೇ ಅಂದ.

ನಿಮ್ಮ ಪತ್ರ ಬಂದ ಮೇಲೆ ಧೈರ್ಯ ಮಾಡಿ ಕೇಳಿದೆ. ಮೂರು ಸಲ ಕೇಳಬೇಕೆಂದು ಹೋಗಿ ತಿರುಗಿ ಬಂದು, ಆಮೇಲೆ ಕೇಳಿದೆ.

"ಗುಳಿಗಿ ಯಾಕ ತಗೋವಲ್ಲಿ ಅಪ್ಪಾ?"

"ನಿನಗ ತಿಳೀದು ಬಿಡು. ಹೊಟ್ಟಿ ಬ್ಯಾನಿಗೆ ಕಜ್ಜಿ ಗುಳಿಗಿ ಕೊಡ್ತಾರೇನು? ನಮ್ಮ ಚೀಟಿ ನೋಡಿ, ನಮ್ಮ ಹೆಸರ ನೋಡಿ ಕೊಟ್ಟಾರ."

"ಬಾಜೂ ಮಂಚದ ಯಜಮಾನ್ರಿಗೂ ಅದ ಆಗಿತ್ತಲ್ಲಪಾ, ಬೂಷ್ಟು?"

"ಅವರಿಗೆ ಇಂಜೆಕ್ಷನ್ ಕೊಟ್ರು. ನಮಗ ಗುಳಿಗಿ. ಅವರಿಗೊಂದು, ನಮಗೊಂದು. ಕಣ್ಣಿಲ್ಲೇನು ನಿನಗ?"

ಅಕ್ಕಾ, ನೀವು ವಾರ್ಡಿನಲ್ಲಿ ನಮ್ಮ ಊರು ಕೇಳಿದಿರಿ, ಓಣಿ ಕೇಳಲಿಲ್ಲ. ನಾನೂ ಹೇಳಲಿಲ್ಲ. ನಾವು ಕೇರಿಯವರು. ಅಜ್ಜನ ಕಾಲಕ್ಕೇ ಬುದ್ಧನನ್ನು ನಂಬಿದ ಮನೆತನ. ನನ್ನ ಕೈಯ ರೊಟ್ಟಿಯನ್ನು ನೀವೂ ತಿಂದಿರಿ, ನಿಮ್ಮ ಅತ್ತೆಯವರೂ ತಿಂದರು. ಅವರು ಎರಡನೆಯದನ್ನು ಕೇಳಿ ತೆಗೆದುಕೊಂಡಾಗ ನನಗೆ ಸಂತೋಷವಾಯಿತು, ಹೆದರಿಕೆಯೂ ಆಯಿತು.

ಅಪ್ಪನ ಸುದ್ದಿಯೊಂದನ್ನು ನಮ್ಮ ಅಜ್ಜಿ ಬದುಕಿದ್ದಾಗ ನನಗೆ ಹೇಳಿದ್ದಳು. ಅವನು ಮೂರನೆಯ ಇಯತ್ತೆಯಲ್ಲಿದ್ದಾಗ ತಲೆಯಲ್ಲಿ ಗಜಕರ್ಣ ಎದ್ದಿತ್ತು. ಮಕ್ಕಳೆಂದ ಮೇಲೆ ಏಳುತ್ತದೆ, ತರಗತಿಯಲ್ಲಿ ಇನ್ನೂ ನಾಲ್ಕೈದು ಹುಡುಗರಿಗೆ ಎದ್ದಿತ್ತು. ಮಾಸ್ತರರು ಅಪ್ಪನೊಬ್ಬನನ್ನೇ ಕೋಲಿನಿಂದ ತೋರಿಸಿ, ನಿಮ್ಮ ಕೇರಿಯಿಂದಲೇ ಇದು ಬರುತ್ತದೆ ಎಂದು ಹೊಸ್ತಿಲ ಹೊರಗೆ ಕೂರಿಸಿದರು. ಬೋರ್ಡು ಅಲ್ಲಿಗೆ ಕಾಣುತ್ತಿರಲಿಲ್ಲ. ಕೆಲವು ದಿನ ಅಲ್ಲಿ ಕೂತು, ಆಮೇಲೆ ಹೋಗುವುದನ್ನೇ ಬಿಟ್ಟ. ಅಪ್ಪ ಗೌಂಡಿ ಕೆಲಸಕ್ಕೆ ಹೋಗುವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡೇ ಮನೆಯಿಂದ ಹೊರಡುತ್ತಾನೆ. ಕೆಲಸದ ಜಾಗದಲ್ಲಿ ಬಿಚ್ಚಿ ಗಂಟು ಕಟ್ಟಿಟ್ಟು, ಸಂಜೆ ಸಿಮೆಂಟು ತೊಳೆದುಕೊಂಡು ಮತ್ತೆ ಅದನ್ನೇ ಹಾಕಿಕೊಂಡು ಬರುತ್ತಾನೆ.

ಅಂಥವನಿಗೆ ಈ ಗುಳಿಗೆ. ವಾರಕ್ಕೆ ಒಂದನ್ನಾದರೂ ಯಾಕೆ ನುಂಗುತ್ತಾನೆ ಎಂದರೆ, ನನ್ನ ಮನಸ್ಸಿಗೆ ನೋವಾಗಬಾರದು ಎಂದು.

ಜ್ವರ ಈಗ ಮಧ್ಯಾಹ್ನಕ್ಕೇ ಏರುತ್ತದೆ. ದವಾಖಾನೆಗೆ ಹೋಗೋಣ ಎಂದರೆ ಮುಖ ತಿರುಗಿಸುತ್ತಾನೆ.

ಜೈ ಭೀಮ್.
ಭಾಗ್ಯಾ


ರಾಮದುರ್ಗ
16 ಅಕ್ಟೋಬರ್ 2024

ಭಾಗೀರಥಿ ಅಕ್ಕನವರಿಗೆ,

ಬನ್ನಿ ಹಬ್ಬವೂ ಹೋಯಿತು. ಅಂಚೆಯವರು ದಿನಾ ಶಟ್ಟೆವ್ವನ ಬಾಗಿಲ ಮುಂದೆಯೇ ಹೋಗುತ್ತಾರೆ. ನಾನು ಹಿಟ್ಟಿನ ಕೈಯಲ್ಲೇ ಎದ್ದು ನೋಡುತ್ತೇನೆ. ಅವರೇ ಇವತ್ತು "ಇಲ್ಲವಾ ತಂಗಿ" ಎಂದು ನಾನು ಕೇಳುವ ಮೊದಲೇ ಹೇಳಿದರು.

ನೀವು ಬರೆಯದಿದ್ದರೂ ನನಗೆ ಬೇಸರವಿಲ್ಲ. ನಿಮ್ಮ ಮನೆಯಲ್ಲಿ ದೊಡ್ಡವರಿದ್ದಾರೆ, ನನಗೆ ತಿಳಿಯುತ್ತದೆ. ಅಪ್ಪನ ವಿಷಯಕ್ಕೆ ಮಾತ್ರ ಒಂದು ಮಾತು ಕೇಳುತ್ತೇನೆ. ಡಾಕ್ಟರಮ್ಮ ನಿಮ್ಮ ಯಜಮಾನರಿಗೆ ಇಂಜೆಕ್ಷನ್ನನ್ನು, ನಮಗೆ ಗುಳಿಗೆಯನ್ನು ಕೊಟ್ಟದ್ದು ಯಾಕೆ? ಗೊತ್ತಿದ್ದರೆ ಒಂದು ಸಾಲು ಬರೆದು ಹಾಕಿರಿ. ಹೆಸರು ಬರೆಯುವುದೂ ಬೇಡ.

ಅಪ್ಪ ಎರಡು ದಿನದಿಂದ ಗಂಜಿಯನ್ನೂ ಅರ್ಧಕ್ಕೇ ಬಿಡುತ್ತಿದ್ದಾನೆ.

ಭಾಗ್ಯಾ


ಬೈಲಹೊಂಗಲ
24 ಅಕ್ಟೋಬರ್ 2024

ತಂಗಿ ಭಾಗ್ಯಾ,

ನಮ್ಮನೆಯವರು ಅಕ್ಟೋಬರ್ ನಾಲ್ಕಕ್ಕೆ ಬೆಳಗಾವಿಯಲ್ಲಿ ತೀರಿಕೊಂಡರು. ಮಣ್ಣಿಗೆ ಬಂದ ಜನರೆಲ್ಲ ಅಂಗಳದಲ್ಲಿ ಕೂತಿದ್ದಾಗ ಅಂಚೆಯವರು ನಿನ್ನ ಪತ್ರ ತಂದರು. ಯಾರೋ ತೆಗೆದುಕೊಂಡು ಗೋಡೆಯ ಗೂಡಿನಲ್ಲಿಟ್ಟರು. ದಿನಕರ್ಮ ಮುಗಿದ ಮೇಲೆ ಸಿಕ್ಕಿತು. ಅಷ್ಟರಲ್ಲಿ ನಿನ್ನ ಇನ್ನೊಂದು ಪತ್ರವೂ ಬಂತು. ಎರಡನ್ನೂ ಒಂದೇ ದಿನ ಓದಿದೆ.

ನಾನು ಬರೆಯದೇ ಇದ್ದದ್ದಕ್ಕೆ ನೀನು ಏನು ತಿಳಿದುಕೊಂಡೆ ಎಂದು ಗೊತ್ತಾಯಿತು. ಹಾಗೆ ತಿಳಿಯಬೇಡ ಎನ್ನಲು ನನಗೆ ಬಾಯಿಲ್ಲ. ನೀನು ತಿಳಿದುಕೊಂಡಂಥದ್ದು ಆಗದ ಊರಲ್ಲ ನಮ್ಮದು. ಅತ್ತೆ "ಯಾರದವಾ ಪತ್ರ?" ಎಂದರು. ಪೂರ್ತಿ ಓದಿ ಹೇಳಿದೆ, ರೊಟ್ಟಿಯ ಮಾತನ್ನೂ ಬಿಡಲಿಲ್ಲ. ಅವರು ಎದ್ದು ಒಳಗೆ ಹೋದರು. ಇವತ್ತಿನವರೆಗೂ ಆ ಮಾತು ಎತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ.

ಇದರ ಜೊತೆ ಇನ್ನೊಂದು ಹಾಳೆ ಇದೆ. ಅದು ನಿನಗಲ್ಲ, ನಿಮ್ಮಪ್ಪನಿಗೆ. ನೀನು ಎಲ್ಲವನ್ನೂ ನನಗೆ ಬರೆದದ್ದು ಅದನ್ನು ಕೊಟ್ಟರೆ ಅವರಿಗೆ ಗೊತ್ತಾಗುತ್ತದೆ. ಸಿಟ್ಟಿಗೇಳಬಹುದು. ಆದರೂ ಕೊಡು. ತಡ ಮಾಡಬೇಡ.

ಭಾಗೀರಥಿ


(ಜೊತೆಗಿದ್ದ ಹಾಳೆ)

ನೀಲಪ್ಪಣ್ಣನವರಿಗೆ ಭಾಗೀರಥಿಯ ಶರಣು.

ಪಕ್ಕದ ಮಂಚದವರು ಈಗಿಲ್ಲ. ನಿಮ್ಮನ್ನು ಕೊನೆಯವರೆಗೂ "ಗೌಂಡಿ ಅಣ್ಣಾರು" ಎಂದೇ ನೆನೆಸುತ್ತಿದ್ದರು.

ಅವರಿಗೊಂದು ಔಷಧಿ, ನಮಗೊಂದು ಔಷಧಿ ಎಂದು ನೀವು ಅಂದಿರಂತೆ. ಕಾರಣ ಹೇಳುತ್ತೇನೆ. ನೀವು ವಾರ್ಡಿಗೆ ಬರುವ ಮೊದಲು ಇವರಿಗೂ ಕೊಟ್ಟದ್ದು ಇದೇ ಗುಳಿಗೆ, ದಿನಾ, ಇದೇ ಲೆಕ್ಕದಲ್ಲಿ. ಜ್ವರ ಇಳಿಯಲಿಲ್ಲ. ಆಮೇಲೆ ಲ್ಯಾಬಿನಿಂದ ಚೀಟಿ ಬಂತು. ಇವರ ಹೊಟ್ಟೆಯಲ್ಲಿ ಬೆಳೆದದ್ದು ಈ ಗುಳಿಗೆಗೆ ಬಗ್ಗದ ನಮೂನೆಯದು. ಅದಕ್ಕೇ ಇಂಜೆಕ್ಷನ್ನಿಗೆ ಬದಲಾಯಿಸಿದರು. ನಿಮ್ಮದು ಗುಳಿಗೆಗೆ ಬಗ್ಗುವಂಥದ್ದು ಎಂದು ಅದೇ ಲ್ಯಾಬಿನವರು ಬರೆದುಕೊಟ್ಟಿದ್ದರು. ಡಾಕ್ಟರಮ್ಮ ನಿಮ್ಮ ಮಂಚದ ಹತ್ತಿರ ಸಣ್ಣ ಡಾಕ್ಟರಿಗೆ "ಇವರದು ಚಲೋ ಆತು, ಗುಳಿಗಿ ಮ್ಯಾಲ ಹೋಗತೈತಿ" ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅವತ್ತು ನನಗೆ ಹೊಟ್ಟೆಕಿಚ್ಚಾಗಿತ್ತು.

ಇನ್ನು ಅದು ಎಲ್ಲಿಂದ ಬಂತು ಎಂಬುದು. ನಾನು ಡಾಕ್ಟರಮ್ಮನನ್ನು ಕೇಳಿಯೇ ಬಿಟ್ಟಿದ್ದೆ, ನೀರು ಚೊಕ್ಕ ಇರಲಿಲ್ಲವೇ, ನಮ್ಮ ಮನೆಯಲ್ಲಿ ಏನಾದರೂ ಹೊಲಸಿತ್ತೇ ಎಂದು. ಡಾಕ್ಟರಮ್ಮ ನಕ್ಕು, ಆ ಬೂಷ್ಟು ಎಲ್ಲರ ಕರುಳಿನಲ್ಲೂ ಇರುತ್ತದೆ, ನನ್ನದರಲ್ಲೂ ಇದೆ ಎಂದರು. ಸುಮ್ಮನೆ ಇರುತ್ತದಂತೆ. ಕೀವಿಗೆಂದು ಜೋರಿನ ಔಷಧಿ ಬಹಳ ದಿನ ಕೊಟ್ಟಾಗ ಉಳಿದ ಕ್ರಿಮಿಗಳು ಸಾಯುತ್ತವೆ, ಇದಕ್ಕೆ ಜಾಗ ಸಿಗುತ್ತದೆ, ಗ್ರಂಥಿಯ ಸತ್ತ ಭಾಗದೊಳಗೆ ಹೋಗಿ ಕೂರುತ್ತದೆ. ನಮ್ಮನೆಯವರು ಸ್ನಾನ ಮಾಡಿ ವಿಭೂತಿ ಹಚ್ಚದೆ ಬಾಯಿಗೆ ನೀರು ಹಾಕಿದವರಲ್ಲ. ವಿಭೂತಿಯೂ ಇತ್ತು, ಬಾಟಲಿಯೂ ಇತ್ತು, ಬೂಷ್ಟೂ ಬಂತು. ನಿಮಗೆ ಬಾಟಲಿ ಇಲ್ಲದೆ ಬಂತು. ಇಷ್ಟೇ ವ್ಯತ್ಯಾಸ.

ಅಂಗಡಿಯವನ ಮಾತಿಗೆ ನನಗೂ ಸಿಟ್ಟು ಬಂದಿದೆ. ಮಾಸ್ತರರ ಮಾತಿಗೂ ಬಂದಿದೆ. ಆದರೆ ಅಣ್ಣಾ, ಆ ಸಿಟ್ಟನ್ನು ಗುಳಿಗೆಯ ಮೇಲೆ ತೋರಿಸಬೇಡಿ. ಇವರದು ಗುಳಿಗೆಗೆ ಇವತ್ತು ಬಗ್ಗೀತು ನಾಳೆ ಬಗ್ಗೀತು ಎಂದು ನಾವು ಎಷ್ಟು ಕಾದೆವು. ನಿಮ್ಮದು ಬಗ್ಗುತ್ತದೆ. ಆ ಗುಳಿಗೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೀರಿ ಎಂದು ಓದಿದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ನಿಮ್ಮ ತಂಗಿ ಸಮಾನ,
ಭಾಗೀರಥಿ ಬಸಲಿಂಗಪ್ಪ


ಬೆಳಗಾವಿ
9 ನವೆಂಬರ್ 2024

ಅಕ್ಕಾ,

ಜೈ ಭೀಮ್. ಅಣ್ಣನವರ ಸುದ್ದಿ ಓದಿ ರೊಟ್ಟಿ ಕೇಂದ್ರದ ಹಿಂದೆ ಹೋಗಿ ಕೂತೆ. ನಿಮಗೆ ಏನು ಬರೆಯಬೇಕೆಂದು ಈಗಲೂ ತೋಚುತ್ತಿಲ್ಲ. ನಿಮಗೆ ಅಂಥ ಕಷ್ಟದ ಹೊತ್ತಿನಲ್ಲಿ ನಾನು ಏನೇನೋ ತಿಳಿದುಕೊಂಡೆ. ಅದರ ಮೇಲೂ ನೀವು ನಮ್ಮಪ್ಪನಿಗೆ ಅಷ್ಟು ದೊಡ್ಡ ಹಾಳೆ ಬರೆದಿರಿ.

ಅಪ್ಪನಿಗೆ ಹಾಳೆ ಕೊಟ್ಟೆ.

"ಏನಿದು?"

"ಭಾಗೀರಥಿ ಅಕ್ಕಾರು ನಿನಗ ಬರದಾರ."

"ನನಗ್ಯಾಕ ಬರೀತಾರವಾ ಅವರು?"

ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದ. ಬಹಳ ಹೊತ್ತು ಹಿಡಿಯಿತು. ನಡುವೆ ಒಮ್ಮೆ ತಲೆ ಎತ್ತಿ, "ಸಾಲಿ ಸುದ್ದಿನೂ ಬರದೀಯೇನು?" ಎಂದ. ನಾನು ಹೂಂ ಎಂದೆ. "ಮಾತಾಡಾಕ ಬರದಾಕಿ ಬರಿಯಾಕ ಚಲೋ ಕಲ್ತೀ ನೋಡು" ಎಂದ. ಬೈಗುಳವೋ ಏನೋ ನನಗೆ ತಿಳಿಯಲಿಲ್ಲ. ಮತ್ತೆ ಓದಿದ. ಮುಗಿದ ಮೇಲೆ ಹಾಳೆಯನ್ನು ಎದೆಯ ಮೇಲಿಟ್ಟುಕೊಂಡು ಮಾಳಿಗೆ ನೋಡುತ್ತ ಮಲಗಿದ.

"ಆ ಯಜಮಾನ್ರು ನನಗ ಒಂದಿನ ಕಿತ್ತಳಿ ಸುಲದ ಕೊಟ್ಟಿದ್ರು. ತಿನ್ನಾಕ ಇಬ್ಬರಿಗೂ ಅಪ್ಪಣಿ ಇರಲಿಲ್ಲ. ಮೂಸಿ ನೋಡಿ ಇಟ್ವಿ."

ನಾನು ಅವನ ಹೊದಿಕೆ ಸರಿ ಮಾಡಿದೆ.

"ಅವರಿಗೂ ಮದಲ ಇದ ಗುಳಿಗಿ ಕೊಟ್ಟಿದ್ರಂತ."

"ಹೂಂ ಅಪ್ಪಾ."

"ಬೆಳಗಾವಿ ಬಸ್ಸು ಎಷ್ಟಕ್ಕೈತಿ?"

ಬಸ್ಸು ಯರಗಟ್ಟಿ ದಾಟುವಷ್ಟರಲ್ಲಿ ಅಪ್ಪನಿಗೆ ಕೂರಲು ಆಗಲಿಲ್ಲ, ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ. ಇಲ್ಲಿ ಸ್ಕ್ಯಾನ್ ಮಾಡಿದರು. ಒಳಗೆ ಮತ್ತೆ ಕೀವು ತುಂಬಿದೆ, ಮತ್ತೆ ನಳಿಕೆ ಹಾಕಿದ್ದಾರೆ. ಡಾಕ್ಟರಮ್ಮ ಚೀಟಿ ನೋಡುತ್ತ "ದಿನಾ ತಗೊಂಡ್ರೇನು?" ಎಂದರು. ಅಪ್ಪ ನೆಲ ನೋಡಿದ. ನಾನೇ ಹೇಳಿದೆ. "ಇಲ್ಲರೀ. ವಾರಕ್ಕ ಒಂದ ತಗೊಂಡಾನ್ರೀ." ನನ್ನ ದನಿ ನನಗೇ ಬೇರೆಯವರ ದನಿಯ ಹಾಗೆ ಕೇಳಿತು. "ಯಾರ ಹೇಳಿದ್ರು ಹಂಗ?" ಎಂದರು. ಅಂಗಡಿಯವರ ಹೆಸರು ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅಪ್ಪ, "ನಾನ ತಪ್ಪ ತಿಳಕೊಂಡಿದ್ದೆ ರೀ" ಎಂದ.

ಡಾಕ್ಟರಮ್ಮ ಬೈಯಲಿಲ್ಲ. ಆದರೆ ಹೀಗೆ ಬಿಟ್ಟು ಬಿಟ್ಟು ತೆಗೆದುಕೊಂಡರೆ ಬಗ್ಗುವುದೂ ಬಗ್ಗದ ಹಾಗೆ ಆಗಬಹುದಂತೆ. ಕೀವನ್ನು ಮತ್ತೆ ಲ್ಯಾಬಿಗೆ ಕಳಿಸಿದ್ದಾರೆ. ಚೀಟಿ ಬರುವವರೆಗೆ ಅದೇ ಔಷಧಿಯನ್ನು ಸಲೈನಿನಲ್ಲಿ ಕೊಡುತ್ತಿದ್ದಾರೆ. ಬಾಟಲಿಯ ಮೇಲಿನ ಹೆಸರನ್ನೂ ಗುಳಿಗೆಯ ಪಾಕೀಟಿನ ಹೆಸರನ್ನೂ ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿದೆ. ಇಂಗ್ಲಿಷ್ ಬಾರದಿದ್ದರೂ ಒಂದೇ ಎಂದು ಕಾಣುತ್ತದೆ. ಅಪ್ಪನಿಗೂ ತೋರಿಸಿದೆ.

ಅದೇ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಚೀಟಿ ಇನ್ನೂ ಬಂದಿಲ್ಲ.

ಭಾಗ್ಯಾ


ಬೈಲಹೊಂಗಲ
17 ನವೆಂಬರ್ 2024

ಭಾಗ್ಯಾ,

ಚೀಟಿ ಬಂತೇ? ಒಂದೇ ಸಾಲು ಬರೆ. ನಾನು ಆ ಪಡಸಾಲೆಗೆ ಮತ್ತೆ ಬರಲಾರೆ, ಇಲ್ಲದಿದ್ದರೆ ಬಂದು ಕೂರುತ್ತಿದ್ದೆ.

ಭಾಗೀರಥಿ


ಬೆಳಗಾವಿ
21 ನವೆಂಬರ್ 2024

ಅಕ್ಕಾ, ಬಂತು. ಇನ್ನೂ ಬಗ್ಗುತ್ತದಂತೆ.

ಭಾಗ್ಯಾ


ರಾಮದುರ್ಗ
12 ಜನವರಿ 2025

ಭಾಗೀರಥಿ ಅಕ್ಕನವರಿಗೆ ಜೈ ಭೀಮ್.

ನಾವು ಊರಿಗೆ ಬಂದು ಬಹಳ ದಿನಗಳಾದವು. ಬರೆಯಲು ತಡವಾಯಿತು. ಒಳ್ಳೆಯದನ್ನು ಬರೆಯಲು ನನಗೆ ಹೆದರಿಕೆ, ಬರೆದರೆ ಎಲ್ಲಿ ಕೆಡುತ್ತದೋ ಎಂದು.

ನಳಿಕೆ ತೆಗೆದರು. ಹೋದ ವಾರ ತೋರಿಸಲು ಹೋದಾಗ ಸ್ಕ್ಯಾನಿನಲ್ಲಿ ಆ ಜಾಗ ಚಿಕ್ಕದಾಗಿದೆ ಎಂದರು. ಗುಳಿಗೆ ಇನ್ನೂ ಕೆಲವು ವಾರ ನಡೆಯಬೇಕು. ಲಿವರಿಗೆ ತೊಂದರೆ ಆಗಿದೆಯೋ ಎಂದು ನಡುನಡುವೆ ರಕ್ತ ನೋಡುತ್ತಾರೆ, ಇಲ್ಲಿಯವರೆಗೆ ಇಲ್ಲ. ಪಿತ್ತದ ಚೀಲ ತೆಗೆಯುವ ಆಪರೇಷನ್ ಮುಂದೆ ಇದೆ. ಡಾಕ್ಟರಮ್ಮ "ಏನರ ಕೇಳೂದೈತೇನು?" ಎಂದಾಗ ಈ ಸಲ ಕೇಳಿದೆ. ಪ್ರಶ್ನೆ ಒಂದಕ್ಕೊಂದು ಸುತ್ತಿಕೊಂಡವು, ಆದರೂ ಅವರು ಬಿಡಿಸಿಕೊಂಡು ಉತ್ತರ ಹೇಳಿದರು. ನೀವು ಬರೆದದ್ದನ್ನೇ ಹೇಳಿದರು.

ಔಷಧಿ ಅಂಗಡಿಗೆ ಈಗ ನಾನು ಹೋಗುತ್ತೇನೆ. ಚೀಟಿಯನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡಿರುತ್ತೇನೆ. ಅವರು ಓದುತ್ತಾರೆ, ಕೊಡುತ್ತಾರೆ.

ನೀವು ಹೇಗಿದ್ದೀರಿ ಎಂದು ಕೇಳಲು ಸಂಕೋಚವಾಗುತ್ತದೆ. ಸವದತ್ತಿ ಬಸ್‌ಸ್ಟ್ಯಾಂಡಿಗೆ ನಾನು ಬರುತ್ತೇನೆ. ದಿನ ನೀವೇ ಹೇಳಿರಿ. ಅತ್ತೆಯವರಿಗೆ ನಮಸ್ಕಾರ, ಅವರು ನನ್ನ ಸುದ್ದಿ ಕೇಳಿದರೆ ಮಾತ್ರ.

ಇಷ್ಟು ದಿನ ಅಪ್ಪ ಗುಳಿಗೆಯನ್ನು ಬಾಗಿಲು ಮುಂದೆ ಮಾಡಿ ಒಳಗೆ ನುಂಗುತ್ತಿದ್ದ. ನನ್ನ ಎದುರಿಗೇ ನುಂಗುತ್ತಿದ್ದ, ಆದರೆ ಬಾಗಿಲು ಮುಚ್ಚಿರಬೇಕು. ಇವತ್ತು ಮುಂಜಾನೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತು ನನ್ನನ್ನು ಕೂಗಿ ಗುಳಿಗೆ ಅಲ್ಲಿಗೇ ತರಿಸಿಕೊಂಡ. ಕೈಯಲ್ಲಿ ಹಿಡಿದುಕೊಂಡಿದ್ದಾಗ ಅವನ ಜೊತೆ ಗೌಂಡಿ ಕೆಲಸ ಮಾಡುವ ಭೀಮಶಿ ಕಾಕಾ ಸೈಕಲ್ ನಿಲ್ಲಿಸಿ ಬಂದು ಕೂತರು.

"ಅದೇನೋ ನೀಲಪ್ಪಾ, ಇನ್ನೂ ಗುಳಿಗಿ ನುಂಗಾಕ ಹತ್ತೀಯಲ್ಲ? ಯಾತರದು ಅದು?"

ನಾನು ಬಾಗಿಲಲ್ಲೇ ನಿಂತೆ. ಅಪ್ಪ ಅಂಗೈ ಬಿಚ್ಚಿ ಗುಳಿಗೆ ತೋರಿಸಿದ.

"ಬೂಷ್ಟಿಂದು" ಎಂದ. "ಹೊಟ್ಟ್ಯಾಗ ಬೂಷ್ಟು ಹತ್ತಿತ್ತು. ದಿನಾ ತಗೋಬೇಕು."

ಎರಡನ್ನೂ ಬಾಯಿಗೆ ಹಾಕಿಕೊಂಡು ನೀರು ಕುಡಿದ.

ಭೀಮಶಿ ಕಾಕಾ "ಹೌದಾ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಏನವಾ ಭಾಗ್ಯಾ, ಚಾ ಐತೇನು ಇಲ್ಲೋ ನಿಮ್ಮನ್ಯಾಗ?" ಎಂದರು.

ನಾನು ಒಳಗೆ ಹೋಗಿ ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟೆ.

ನಿಮ್ಮ ತಂಗಿ,
ಭಾಗ್ಯಾ